ಗೂಟಕ್ಕೆ ಕಟ್ಟಬೇಕಿದ್ದ ಬಟ್ಟೆ

ನಮ್ಮ ಕಡಲಿಗೆ ಪಟ್ಟಾ, ಪಹಣಿ ಯಾವುದೂ ಇಲ್ಲ. ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಿನಲ್ಲಿ ನಿಂತು ಯಾವ ಹೆಂಗಸು ಕಾಂಡ್ಲಾ ಮರದ ಗೂಟ ಹೊಡೆದು, ಹಗ್ಗ ಎಳೆದು, ಕಡಲಪಾಚಿ ಬೆಳೆಯುತ್ತಾಳೋ ಆ ಜಾಗ ಅವಳದು. ಪಾಚಿಯಿಲ್ಲದೆ ಗೂಟ ಬೋಳಾಗಿ ನಿಂತುಬಿಟ್ಟರೆ ಮಾತ್ರ ಅದನ್ನು ಕೀಳಬಹುದು. ಅದಕ್ಕೂ ಒಂದು ರಿಯಾಯಿತಿ ಇದೆ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವುದಿಲ್ಲ. ಅಷ್ಟು ಕಾಲ ಗೆಳತಿಯರೇ ಅವಳ ಹಗ್ಗಕ್ಕೆ ಪಾಚಿ ಕಟ್ಟುತ್ತಾರೆ, ಗೂಟಗೂಟಕ್ಕೂ ಅವಳು ಉಡುವ ಕಾಂಗಾ ಬಟ್ಟೆಯ ಒಂದೊಂದು ಪಟ್ಟಿ ಸುತ್ತುತ್ತಾರೆ. ಆ ಪಟ್ಟಿ ಇದ್ದರೆ ಊರ ಮುಖಂಡ ಶೇಹಾ ಕೂಡ ಆ ಗೂಟ ಮುಟ್ಟುವುದಿಲ್ಲ.

ನನ್ನ ಗೂಟಗಳು ಹವಳದ ಬಂಡೆಸಾಲಿನ ಕಂಡಿಯ ಹತ್ತಿರ ಇದ್ದವು. ಅಲ್ಲಿ ನೀರು ಆಳ, ತಣ್ಣಗೆ. ಕಡಲು ಬಿಸಿಯೇರಿ ಉಳಿದೆಲ್ಲ ಕಡೆ ದಪ್ಪ ಪಾಚಿ ಸತ್ತುಹೋಗಿತ್ತು, ನನ್ನಲ್ಲಿ ಮಾತ್ರ ಉಳಿದಿತ್ತು. ದಪ್ಪ ಪಾಚಿ ಹಾಕಿದರೇ ಸೋಪು ಗಟ್ಟಿ ನಿಲ್ಲುವುದು. ನಮ್ಮೂರ ಹೆಂಗಸರೆಲ್ಲ ತಲೆಯ ಮೇಲೆ ಕಲ್ಲು ಹೊತ್ತು ಕಟ್ಟಿದ ಸೋಪಿನ ಮನೆ ನಡೆಯುತ್ತಿದ್ದದ್ದು ಆ ಪಾಚಿಯಿಂದ. ಬಾವಿಗೆ ಪಂಪು ಬಂದದ್ದು, ಮಕ್ಕಳ ಶಾಲೆಗೆ ಗೋಡೆ ಎದ್ದದ್ದು ಆ ಸೋಪಿನಿಂದ. ಜಂಬ ಅಂದರೆ ಅನ್ನಿ, ನನಗೆ ಇತ್ತು.

ನನ್ನ ಗಂಡ ಖಾತಿಬ್ ಸತ್ತ ವಾರದಲ್ಲೇ ಜುವೇನಾ ಬಂದಳು. ಸೋಪಿನ ಮನೆಯ ಮುಖ್ಯಸ್ಥೆ ಅವಳು, ಅದಕ್ಕಿಂತ ಮೊದಲು ನನ್ನ ಗೆಳತಿ. ಮೊದಲ ಗೂಟ ನಾವಿಬ್ಬರೂ ಒಂದೇ ಸುತ್ತಿಗೆಯಿಂದ ಹೊಡೆದವರು.

“ಒಂದು ಕಾಂಗಾ ಕೊಡೇ ಮಿಜೆ, ಪಟ್ಟಿ ಹರ್ಕೊಂಡು ಹೋಗ್ತೀನಿ.”

“ಆ ಮೂಲೇಲಿ ಹಳೇದಿದೆ, ತಗೋ.”

“ಹಳೇದು ಉಪ್ಪುನೀರಿಗೆ ಪಿಸ್ದು ಹೋಗುತ್ತೆ. ಗಟ್ಟಿ ಬಟ್ಟೆ ಕೊಡೇ, ಜಿಪುಣಿ.”

ಕಾಂಗಾ ಯಾವಾಗಲೂ ಜೋಡಿಯಾಗಿಯೇ ಬರುತ್ತದೆ, ಸೊಂಟಕ್ಕೊಂದು, ತಲೆಗೊಂದು. ಹಿಂದಿನ ಹಬ್ಬಕ್ಕೆ ಖಾತಿಬ್ ತಂದಿದ್ದ ಜೋಡಿ ಇನ್ನೂ ಮಡಿಕೆ ಬಿಚ್ಚಿರಲಿಲ್ಲ. ಕೆಂಪು ನೆಲ, ಅದರ ಮೇಲೆ ಹಳದಿ ಗೇರುಹಣ್ಣು. ಅದರಲ್ಲಿ ಒಂದನ್ನು ಎತ್ತಿ ಕೊಟ್ಟೆ. ಕೊಡಲು ಮನಸ್ಸೇ ಇರಲಿಲ್ಲ. ಆದರೂ ಅವನು ತಂದ ಬಟ್ಟೆ ನನ್ನ ಗೂಟ ಕಾಯುತ್ತದಲ್ಲ ಎಂದು ಸಮಾಧಾನವೂ ಆಯಿತು.

ಆಮೇಲೆ ಶುಕ್ರವಾರ ತಪ್ಪದೆ ಬಂದಳು. ತೆಂಗಿನ ಹಾಲಿನಲ್ಲಿ ಬೇಯಿಸಿದ ಮರಗೆಣಸು ತರುತ್ತಿದ್ದಳು, ಜೊತೆಗೆ ಒಂದು ಚೀಲ ಹಸಿ ಪಾಚಿ. “ನಿನ್ನ ಕೊಯ್ಲು” ಎಂದು ಅಂಗಳದ ಚಾಪೆಯ ಮೇಲೆ ಸುರಿಯುತ್ತಿದ್ದಳು. ನಾನು ಅದನ್ನು ತೊಳೆದು ಒಣಗಿಸುತ್ತಿದ್ದೆ. ಸಾವಿನ ಮನೆಯಲ್ಲಿ ಕೈಗೊಂದು ಕೆಲಸ ಸಿಕ್ಕಿತ್ತು. ಬರಬರುತ್ತಾ ಪಾಚಿ ಸಣ್ಣದಾಯಿತು.

“ಇದೇನೇ ಇದು, ಮುದುಕಿ ಜಡೆ ಇದ್ದಂಗಿದೆ?” ಎಂದೆ.

“ಕಡಲು ಕಾದುಹೋಗಿದೆ ಕಣೇ. ನಾನೇನು ಫ್ಯಾನು ಹಾಕ್ಲಾ ಕಡಲಿಗೆ?”

ನಾನು ನಕ್ಕುಬಿಟ್ಟೆ. ಖಾತಿಬ್ ಹೋದ ಮೇಲೆ ನಕ್ಕದ್ದು ಅದೇ ಮೊದಲು. ನಗಿಸಿದಳಲ್ಲ ಎಂದು ಅವಳನ್ನು ಮನಸ್ಸಿನಲ್ಲೇ ಹರಸಿದೆ ಕೂಡ. ಇವತ್ತು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಅವಧಿ ಮುಗಿದ ಬೆಳಿಗ್ಗೆ ತಲೆಗೆ ಸ್ನಾನ ಮಾಡಿ, ಬಿಳಿ ಬಟ್ಟೆ ತೆಗೆದಿಟ್ಟು, ಜೋಡಿಯಲ್ಲಿ ಉಳಿದಿದ್ದ ಕಾಂಗಾವನ್ನು ತಲೆಗೆ ಹೊದ್ದು ನೇರ ಕಡಲಿಗೆ ಹೋದೆ. ನೀರು ಇಳಿಯುತ್ತಿತ್ತು. ಕಂಡಿಯ ಹತ್ತಿರ ಒಂದು ಗೂಟವೂ ಇರಲಿಲ್ಲ. ನೀರಲ್ಲಿ ತೇಲುವ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಗುಂಡುಗಳನ್ನು ಹಗ್ಗಕ್ಕೆ ಪೋಣಿಸಿ ಬೇಲಿ ಕಟ್ಟಿದ್ದರು. ಒಳಗೆ ಯಾರೋ ಬಿಳಿಯರು ದೊಡ್ಡ ಗಾಳಿಪಟಕ್ಕೆ ಮೈ ಬಿಗಿದುಕೊಂಡು ನೀರಿನ ಮೇಲೆ ಜಾರುತ್ತಿದ್ದರು.

ಕಾವಲಿನವನು ಕೈ ಅಡ್ಡ ಹಿಡಿದ. “ಅಕ್ಕ, ಈ ಕಡೆ ಬರೋ ಹಾಗಿಲ್ಲ. ಹೋಟೆಲಿನವರ ಜಾಗ.”

“ಕಡಲು ಯಾವಾಗಿಂದ ಹೋಟೆಲಿಂದಾಯ್ತಪ್ಪ?”

“ಇಲ್ಲಿ ಗೂಟ ಹಾಕಿದ್ದೋರೇ ಬಿಟ್ಟುಕೊಟ್ರಂತಲ್ಲ. ಪಾಪ, ಗಂಡ ಸತ್ತ ಮೇಲೆ ಕೈಲಾಗ್ಲಿಲ್ವಂತೆ.”

ಕೈಲಾಗದವಳು ನಾನೇ ಎಂದು ಅವನಿಗೆ ಹೇಳಲಿಲ್ಲ. ಒದ್ದೆ ಕಾಲಲ್ಲೇ ಸೋಪಿನ ಮನೆಗೆ ನಡೆದೆ. ಜುವೇನಾಳನ್ನೂ ಯಾರೋ ಏಮಾರಿಸಿರಬೇಕು ಎಂದುಕೊಂಡೇ ಹೋದೆ. ನನ್ನ ಪಟ್ಟಿ ಸುತ್ತಿದ್ದ ಗೂಟ ಕಿತ್ತವರು ಯಾರೆಂದು ಅವಳಿಗೂ ತಿಳಿಯದೆ ಕಂಗಾಲಾಗಿರಬೇಕು ಎಂದುಕೊಂಡೆ.

ಒಳಗೆ ಹೆಂಗಸರೆಲ್ಲ ಚಾಪೆಯ ಮೇಲೆ ಕೂತು ಸೋಪು ಕಟ್ಟುತ್ತಿದ್ದರು. ನನ್ನನ್ನು ಕಂಡವರೇ ಎದ್ದು ತಬ್ಬಿಕೊಂಡರು. ಎಲ್ಲರಿಗಿಂತ ಹಿರಿಯಳಾದ ತಾತು ಅಜ್ಜಿ ನನ್ನ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

“ದೊಡ್ಡ ಮನಸ್ಸು ಕಣಮ್ಮ ನಿಂದು. ಜಾಗಾನೂ ಬಿಟ್ಟುಕೊಟ್ಟೆ, ಮೇಲೆ ಗಂಡ ತಂದ ಬಟ್ಟೇನೂ ಕಳಿಸ್ದೆ. ಹೋಟೆಲಿನೋರಿಗೆ ಇದೇ ಬಲು ಇಷ್ಟವಂತೆ.”

ಅವಳ ಮಡಿಲಲ್ಲಿ ಸೋಪಿನ ರಾಶಿ ಇತ್ತು. ಒಂದೊಂದು ಸೋಪಿನ ನಡುವಿಗೂ ಕೆಂಪು ಬಟ್ಟೆಯ ಪಟ್ಟಿ ಸುತ್ತಿ ಹೂಗಂಟು ಹಾಕಿತ್ತು. ಕೆಂಪಿನ ಮೇಲೆ ಹಳದಿ ಗೇರುಹಣ್ಣು, ಅರ್ಧಕ್ಕೆ ಕತ್ತರಿಸಿದ್ದು.

ನಾನು ಅದರಲ್ಲೊಂದನ್ನು ಕೈಗೆತ್ತಿಕೊಂಡೆ. ಮೂಲೆಯಲ್ಲಿ ಪೆಟ್ಟಿಗೆಗೆ ಸೋಪು ತುಂಬುತ್ತಿದ್ದ ಜುವೇನಾ ಎದ್ದು ನಿಂತಳು.

“ಒಂದು ಗೂಟಕ್ಕಾದ್ರೂ ಸುತ್ತಿದ್ಯೇನೇ?” ಎಂದೆ.

“ಮಿಜೆ, ಆಚೆ ಹೋಗಿ ಮಾತಾಡೋಣ ಬಾ.”

“ಇಲ್ಲೇ ಹೇಳು.”

“ಸುತ್ತಿದ್ರೆ ಶೇಹಾ ಒಪ್ತಿರ್ಲಿಲ್ಲ. ಹೋಟೆಲಿನೋರು ಬೇರೆ ಊರಿಗೆ ಹೋಗ್ತಿದ್ರು. ಶಾಲೆಗೆ ಸೂರು ಹಾಕಿಸ್ತೀವಿ, ಸೋಪೆಲ್ಲಾ ನಾವೇ ತಗೋತೀವಿ ಅಂದ್ರು ಕಣೇ. ಊರಿಗೋಸ್ಕರ ಮಾಡ್ದೆ. ನೀನು ಒಳಗಿದ್ದೆ, ಹೆಂಗೆ ಕೇಳ್ಲಿ?”

“ಪ್ರತಿ ಶುಕ್ರವಾರ ನನ್ನೆದುರಿಗೆ ಕೂತು ಉಂಡ್ಯಲ್ಲ. ಬಾಯಲ್ಲಿ ಮರಗೆಣಸು ಸಿಕ್ಕಾಕೊಂಡಿತ್ತಾ? ಆ ಪಾಚಿ ಯಾರ್ದು?”

“ದಡದ ಕಡೆದು. ನಿಂಗೆ ಬೇಜಾರಾಗ್ಬಾರ್ದು ಅಂತ ತರ್ತಿದ್ದೆ.”

ಹಾಗೆ ಹೇಳುವಾಗ ಅವಳ ದನಿ ನಡುಗಲಿಲ್ಲ. ಅದು ಅವಳಿಗೆ ನಿಜವಾಗಿಯೂ ಕರುಣೆಯಂತೆಯೇ ಕಂಡಿತ್ತು. ನನಗೆ ಹೇಸಿಗೆಯಾಯಿತು. ಹೆಂಗಸರ ಕಡೆ ತಿರುಗಿದೆ.

“ಕೇಳಿ ಎಲ್ಲಾರೂ. ನಾನು ಜಾಗ ಬಿಟ್ಟುಕೊಟ್ಟಿಲ್ಲ. ಈ ಬಟ್ಟೆ ಕೊಟ್ಟಿದ್ದು ಗೂಟಕ್ಕೆ. ಇನ್ಮೇಲೆ ದಪ್ಪ ಪಾಚಿ ಎಲ್ಲಿಂದ ತರ್ತೀರಾ? ಈ ಸೋಪು ಎರಡು ಸ್ನಾನಕ್ಕೆ ಕರಗುತ್ತೆ. ನಾಳೆ ಹೋಟೆಲಿನೋರು ಬೇಡ ಅಂದ್ರೆ ಯಾರಿಗೆ ಮಾರ್ತೀರಾ?”

ಒಬ್ಬಳು ಸೋಪನ್ನು ಕೈಯಲ್ಲಿ ಒತ್ತಿ ನೋಡಿದಳು. ಅವಳ ಬೆರಳು ಸ್ವಲ್ಪ ಒಳಗಿಳಿಯಿತು. ಅವಳು ಅದನ್ನು ಮೆಲ್ಲಗೆ ಮಗುಚಿ ಇಟ್ಟಳು. ಹಿತ್ತಲಿನಿಂದ ಶಾಲೆಯ ಸೂರಿಗೆ ತಗಡು ಬಡಿಯುವ ಸದ್ದು ಬರುತ್ತಿತ್ತು.

ಈಗ ಎದ್ದು ಜುವೇನಾಳಿಗೆ ಉಗಿಯುತ್ತಾರೆ, ಶೇಹಾನ ಮನೆಗೆ ನನ್ನ ಜೊತೆ ಬರುತ್ತಾರೆ ಎಂದು ಕಾದೆ. ತಾತು ಅಜ್ಜಿಯ ಕಣ್ಣಲ್ಲಿ ನೀರಿತ್ತು. ಅವಳು ಮೂಗು ಒರೆಸಿಕೊಂಡು ಇನ್ನೊಂದು ಸೋಪು ಎತ್ತಿಕೊಂಡಳು.

“ಮೋಸ ಆಯ್ತು ಮಗಳೇ, ಇಲ್ಲ ಅನ್ನಲ್ಲ. ಆದ್ರೆ ಗೂಟ ಕಿತ್ತಾಯ್ತಲ್ಲ, ಏನ್ಮಾಡೋಣ? ಮಧ್ಯಾಹ್ನಕ್ಕೆ ಹೋಟೆಲಿನ ಗಾಡಿ ಬರುತ್ತೆ.”

ಒಬ್ಬೊಬ್ಬರಾಗಿ ಎಲ್ಲರೂ ಮತ್ತೆ ಕೂತರು. ನನ್ನ ಮನೆಯ ಸಾವಿಗೆ ನೀರು ಹೊತ್ತವರು, ನನ್ನಿಂದ ಬಾಣಂತನ ಮಾಡಿಸಿಕೊಂಡವರು. ಜುವೇನಾ ಒಬ್ಬಳೇ ಮೋಸ ಮಾಡಿದ್ದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ತಾತು ಅಜ್ಜಿ ಬುಟ್ಟಿಯೊಳಗೆ ಕೈಯಾಡಿಸಿದಳು. ಪಟ್ಟಿಗಳು ಮುಗಿದಿದ್ದವು. ಕಟ್ಟದ ಸೋಪು ಇನ್ನೂ ಅರ್ಧ ರಾಶಿ ಉಳಿದಿತ್ತು. ಅವಳು ತಲೆಯೆತ್ತಿ ನನ್ನ ಕಡೆ ನೋಡಿದಳು. ಮುಖ ನೋಡಲಿಲ್ಲ. ಅವಳು ನೋಡಿದ್ದು ನನ್ನ ತಲೆಯ ಮೇಲಿದ್ದ ಕಾಂಗಾವನ್ನು. ಅವಳನ್ನು ನೋಡಿ ಉಳಿದವರೂ ಅದನ್ನೇ ನೋಡಿದರು.

“ಜೋಡೀದು ಅಲ್ವಾ ಅದು?” ಎಂದಳು ಅಜ್ಜಿ, ಮೆಲ್ಲಗೆ.