ಕೈಗೆ ಸಿಗುವ ನಾಮಪದಗಳು

ಅಟ್ಟಕ್ಕೆ ಏರಿಸಿದ ತೆಂಗಿನಕಾಯಿ ಒಳಗೊಳಗೇ ಒಣಗಿ ಕೊಬ್ಬರಿಯಾಗುವವರೆಗೆ, ಅಂದರೆ ಹೆಚ್ಚುಕಮ್ಮಿ ಒಂದು ವರ್ಷ, ತಿಪಟೂರು ಸೀಮೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಹೀಗಿರುವಾಗ ಬಿಳಿಗೆರೆಯ ಬಸವರಾಜಪ್ಪ ದಿನಾ ಸಂಜೆ 'ಕಾಯಿ ನೋಡ್ಕಂಡು ಬತ್ತೀನಿ' ಎಂದು ಅಟ್ಟ ಹತ್ತಿದರೆ, ಅದನ್ನು ನಂಬುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ಎಲ್ಲರೂ ನಂಬಿದ್ದಾರೆಂದು ಅವನೊಬ್ಬ ನಂಬಿದ್ದ.

ಅವನು ಹತ್ತುತ್ತಿದ್ದದ್ದು ಇಂಗ್ಲಿಷ್ ಪಾಠದ ಹೊತ್ತಿಗೆ. ಹೆಂಡತಿ ಸರ್ವಮಂಗಳ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದನ್ನು ಉಳಿಸಿಕೊಂಡು ಮದುವೆಯಾಗಿ ಬಂದವಳು. ಎಪ್ಪತ್ತೆಂಟರ ಮಾರ್ಚಿನಲ್ಲಿ ಅದನ್ನು ಪಾಸು ಮಾಡಿದರೆ ಟಿ.ಸಿ.ಎಚ್. ಸೇರಬಹುದು, ಮುಂದೆ ಸ್ಕೂಲಿನಲ್ಲಿ ಮೇಡಂ ಆಗಬಹುದು. ಫೇಲಾದರೆ ಇನ್ನು ಪುಸ್ತಕ ಮುಟ್ಟುವಂತಿಲ್ಲ ಎಂದು ಮನೆಯಲ್ಲಿ ಮಾತಾಗಿತ್ತು. ಪಾಠಕ್ಕೆ ಬರುತ್ತಿದ್ದವರು ಪಕ್ಕದೂರಿನ ಹೈಸ್ಕೂಲಿನ ಹಾಲಸ್ವಾಮಿ ಮೇಷ್ಟ್ರು. ಅವರನ್ನು ಹುಡುಕಿ ಕರೆತಂದವನು ಬಸವರಾಜಪ್ಪನೇ. ಆಗ ಅವನು ಮೇಷ್ಟ್ರ ಬಿ.ಎಡ್. ಬಗ್ಗೆ ವಿಚಾರಿಸಿದ್ದನೇ ಹೊರತು ಮದುವೆಯ ಬಗ್ಗೆ ವಿಚಾರಿಸಿರಲಿಲ್ಲ. ಮದುವೆ ಆಗಿರಲಿಲ್ಲ. ಸಾಲದ್ದಕ್ಕೆ ಮೇಷ್ಟ್ರು ಪೌಡರು ಹಾಕಿಕೊಂಡು ಬರುತ್ತಿದ್ದರು.

ಅಟ್ಟದ ದಬ್ಬೆಗಳ ಸಂದಿಯಲ್ಲಿ ಕೆಳಗಿನ ಚಾಪೆ, ಅದರ ಮೇಲೆ ಸರ್ವಮಂಗಳಳ ಬೈತಲೆ, ಎದುರಿಗೆ ಮೇಷ್ಟ್ರ ಕ್ರಾಪು ಚೆನ್ನಾಗಿ ಕಾಣುತ್ತಿದ್ದವು. ಮಾತಂತೂ ಇನ್ನೂ ಚೆನ್ನಾಗಿ ಕೇಳುತ್ತಿತ್ತು.

"ಕಣ್ಣಿಗೆ ಕಾಣೋದು, ಕೈಗೆ ಸಿಗೋದು, ಕಿವೀಗೋ ಮೂಗಿಗೋ ನಾಲಿಗೆಗೋ ತಿಳಿಯೋದು ಕಾಂಕ್ರೀಟ್ ನೌನ್" ಎಂದರು ಮೇಷ್ಟ್ರು. "ಕೌ, ಬಕೆಟ್, ಟ್ರೀ."

ಬಸವರಾಜಪ್ಪನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ.

"ಮನಸ್ಸಿಗೆ ಮಾತ್ರ ತಿಳಿಯೋದು ಆಬ್‌ಸ್ಟ್ರಾಕ್ಟ್ ನೌನ್. ಆನೆಸ್ಟಿ, ಬ್ಯೂಟಿ, ಲವ್. ಎಲ್ಲಿ, ಹೇಳಿ."

"ಬ್ಯೂಟಿ, ಲವ್" ಎಂದಳು ಸರ್ವಮಂಗಳ, ತಲೆ ತಗ್ಗಿಸಿಕೊಂಡು.

ಆನೆಸ್ಟಿಯನ್ನು ಯಾಕೆ ಬಿಟ್ಟಳು ಎಂದು ಬಸವರಾಜಪ್ಪ ಆ ರಾತ್ರಿಯೆಲ್ಲ ಯೋಚಿಸಿದ. ಉಳಿದೆರಡರ ಅರ್ಥ ತಿಪಟೂರಿನ ಟಾಕೀಸಿಗೆ ಹೋಗಿಬಂದ ಯಾರಿಗಾದರೂ ಗೊತ್ತಿತ್ತು.

ಮಾರನೇ ದಿನ ಮೇಷ್ಟ್ರನ್ನು ತೋಟದ ಬೇಲಿಯ ಹತ್ತಿರವೇ ತಡೆದ. "ಮೇಷ್ಟ್ರೇ, ಆ ಎರಡನೇ ಜಾತಿ ಪದ ನಮ್ಮನೇಲಿ ಬ್ಯಾಡ. ಕೈಗೆ ಸಿಗೋವಷ್ಟೇ ಹೇಳ್ಕೊಡಿ."

"ಪರೀಕ್ಷೇಲಿ ಎರಡೂ ಕೇಳ್ತಾರಲ್ರೀ."

"ಕೇಳ್ಕಳ್ಳಿ ಬುಡಿ. ಅರ್ಧ ನಂಬರು ಸಾಕು."

ಮೇಷ್ಟ್ರು ಜಗಳಕ್ಕೆ ಹೆದರುವ ಮನುಷ್ಯ. ಒಳಗೆ ಚಾಪೆಯ ಮೇಲೆ ಕೂತು, ಕೈಗೆ ಸಿಗುವುದಕ್ಕೆ ಉದಾಹರಣೆ ಹುಡುಕುತ್ತಾ ಅತ್ತಿತ್ತ ನೋಡಿದರು. ಎದುರಿಗಿದ್ದದ್ದು ಸರ್ವಮಂಗಳ. "ಹ್ಯಾಂಡ್" ಎಂದರು. "ಹೇರ್. ಬ್ಯಾಂಗಲ್."

ಮೇಲಿನಿಂದ ಸಿಪ್ಪೆಯ ನಾರು, ಧೂಳು ಉದುರಿ ಪುಸ್ತಕದ ಮೇಲೆ ಬಿತ್ತು.

"ಇಲಿ ಅನ್ಸುತ್ತೆ" ಎಂದರು ಮೇಷ್ಟ್ರು.

ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ಸಿದ್ದಗಂಗಮ್ಮ, "ಹೂಂ ಕಣಪ್ಪ, ಇಲಿ. ನೆನ್ನೆಯಿಂದ ಅದಕ್ಕೆ ಕೆಮ್ಮೂ ಹತ್ಕಂಡದೆ" ಎಂದಳು.

"ಲಿಪ್" ಎನ್ನುವಷ್ಟರಲ್ಲಿ ಅಟ್ಟದಿಂದ ಒಂದು ಕಾಯಿ ಜಾರಿ, ಏಣಿಯ ಮೆಟ್ಟಿಲುಗಳ ಮೇಲೆ ಪುಟಿಯುತ್ತಾ ಬಂದು ಮೇಷ್ಟ್ರ ಮಂಡಿಗೆ ಬಡಿದು ನಿಂತಿತು. ಸಿದ್ದಗಂಗಮ್ಮ ಅದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ನೀರಿನ್ನೂ ಕುಲುಕುಲು ಅನ್ನುತ್ತಿತ್ತು.

"ಹಸಿಕಾಯಿನ ಹಿಂಗೆ ದಿನಾ ತುಳಿದ್ರೆ ಅಟ್ಟಕ್ಕೆ ಅಟ್ಟನೇ ಕೊಳೀತದೆ ಕಣ್ಲಾ" ಎಂದಳು, ಮೇಲಕ್ಕೆ ನೋಡಿ.

ಸರ್ವಮಂಗಳ ಎದ್ದು ಏಣಿಯ ಬುಡಕ್ಕೆ ಹೋದಳು. "ಇಳಿದು ಬನ್ನಿ. ಮೇಷ್ಟ್ರನ್ನ ಓಡಿಸ್ಬೇಕು ಅಂತಿದ್ರೆ ಇವತ್ತೇ ಓಡಿಸಿ, ನಾನು ಪುಸ್ತಕ ಒಲೆಗೆ ಹಾಕ್ತೀನಿ. ಇಲ್ಲ ಅಂದ್ರೆ ನನ್ನ ಪಕ್ಕ ಕೂತ್ಕೊಂಡು ಕೇಳಿ."

ಬಸವರಾಜಪ್ಪ ನಾರು ಮೆತ್ತಿದ ತಲೆಯಲ್ಲಿ ಇಳಿದು ಬಂದು ಚಾಪೆಯ ತುದಿಯಲ್ಲಿ ಕೂತ. ಮೇಷ್ಟ್ರು ಮಂಡಿ ನೀವಿಕೊಳ್ಳುತ್ತಾ, ಬೇರೇನೂ ತೋಚದೆ, ಪಾಠ ಮುಂದುವರಿಸಿದರು. "ಸ್ಮೋಕ್. ಹೊಗೆ. ಇದು ಯಾವುದು?"

"ಕೈಗೆ ಸಿಗಲ್ಲ. ಆಬ್‌ಸ್ಟ್ರಾಕ್ಟ್" ಎಂದಳು ಸರ್ವಮಂಗಳ.

"ಕಣ್ಣು ಉರೀತದಲ್ಲೇ" ಎಂದ ಬಸವರಾಜಪ್ಪ. "ಮೂಗಿಗೂ ಹೊಡೀತದೆ. ಕಾಂಕ್ರೀಟು."

"ಭೇಷ್" ಎಂದರು ಮೇಷ್ಟ್ರು.

ಆ ಭೇಷ್ ಸರ್ವಮಂಗಳಳಿಗೆ ದಸರೆಯಿಂದ ಈವರೆಗೆ ಒಮ್ಮೆಯೂ ಸಿಕ್ಕಿರಲಿಲ್ಲ.

ಅಲ್ಲಿಂದ ಎಲ್ಲ ಕೆಟ್ಟಿತು. ಮೇಷ್ಟ್ರಿಗೆ ಹಂದನಕೆರೆಯಲ್ಲಿ ಅಪ್ಪನ ತೋಟವಿತ್ತು, ಸುಳಿಗೆ ಹುಳ ಬಿದ್ದ ತೆಂಗಿನ ಗಿಡಗಳಿದ್ದವು. ಬಸವರಾಜಪ್ಪನಿಗೆ ಹುಳದ ವಿಷಯದಲ್ಲಿ ಅಭಿಪ್ರಾಯಗಳಿದ್ದವು. ಒಂದು ನೌನು ಹೇಳಿದರೆ ಹತ್ತು ಮಾತು ತೋಟದ್ದು. "ಬೇವಿನ ಹಿಂಡಿ ಹಾಕಿ ನೋಡಿ ಮೇಷ್ಟ್ರೇ." "ಹಾಕಿಸ್ದೆ ಕಣ್ರೀ, ಕೇಳಿ ಇಲ್ಲಿ." ಬಸವರಾಜಪ್ಪ ಆಳನ್ನು ಮರ ಹತ್ತಿಸಿ ಎಳನೀರು ಕೀಳಿಸಿ ತಾನೇ ಕೆತ್ತಿಕೊಡುತ್ತಿದ್ದ. ಮೇಷ್ಟ್ರು ಬಾಗಿಲಿಗೆ ಬರುತ್ತಿದ್ದಂತೆ, "ಬಸವರಾಜಪ್ಪ ಇದಾರಾ?" ಎಂದು ಕೇಳತೊಡಗಿದರು. ಸರ್ವಮಂಗಳ ಪುಸ್ತಕ ಬಿಚ್ಚಿಕೊಂಡು ಇಬ್ಬರ ಮುಖವನ್ನೂ ಸರದಿಯ ಮೇಲೆ ನೋಡುತ್ತಿದ್ದಳು. ಗಂಡನಿಗೆ ತನ್ನ ಮೇಷ್ಟ್ರು ಯಾಕೆ ಬೇಕಿತ್ತು? ಮೇಷ್ಟ್ರಿಗಾದರೂ, ಪಾಸಾಗಬೇಕಾದವಳು ಯಾರೆಂದು ನೆನಪಿರಬೇಡವೇ? ಅತ್ತೆಯ ಹತ್ತಿರ ಹೇಳಿಕೊಂಡರೆ, "ಜಗಳಾಡದೆ ಅವ್ರೆ, ಅಷ್ಟು ಸಾಲ್ದೇನೇ?" ಎಂದು ನಕ್ಕಳು.

ಫೆಬ್ರವರಿಯ ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಸರ್ವಮಂಗಳ ಹೇಳಿದಳು: "ಪರೀಕ್ಷೆ ಮುಗಿಯೋ ತನಕ ಪಾಠದ ಹೊತ್ತಲ್ಲಿ ನೀವು ಮನೇಲಿರೋದು ಬ್ಯಾಡ."

"ಯಾಕೆ, ನಾನೇನ್ ಮಾಡ್ದೆ? ಈಗ ನಂಗೆ ಯಾವ ಅನುಮಾನನೂ ಇಲ್ಲ ಕಣೇ."

"ಇದ್ದಾಗಲೇ ವಾಸಿಯಿತ್ತು. ಆಗ ಪಾಠ ಆದ್ರೂ ನಡೀತಿತ್ತು."

ಸಂಜೆ ಬಸವರಾಜಪ್ಪ ತೋಟದಲ್ಲಿ ಕೆಲಸವಿಲ್ಲದೆ ಅಡ್ಡಾಡಿದ. ಕತ್ತಲಾಗುವ ಹೊತ್ತಿಗೆ ಮೇಷ್ಟ್ರು ಬಸ್ಸಿಗೆ ಓಡುತ್ತಾ ಎದುರಾದರು. "ಇವತ್ತು ಮೂರು ಪಾಠ ಮುಗೀತು ನೋಡಿ" ಎಂದು ಹೇಳಿ, ನಿಲ್ಲದೆ ಹೊರಟೇಹೋದರು.

ಊಟಕ್ಕೆ ಕೂತಾಗ ಬಸವರಾಜಪ್ಪ ಮುದ್ದೆಯನ್ನು ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕದೆ ಕೇಳಿದ. "ಮೇಷ್ಟ್ರು ನನ್ನ ಕೇಳಿದ್ರಾ?"

ಮೇಷ್ಟ್ರು ಎರಡು ಸಲ ಕೇಳಿದ್ದರು.

"ಇಲ್ಲವಲ್ಲ" ಎಂದಳು ಸರ್ವಮಂಗಳ. ಅವನ ಮುಖ ಬಾಡಿದ್ದನ್ನು ನೋಡಿ ಇನ್ನಷ್ಟು ಸಾರು ಬಿಟ್ಟು, ಲಾಟೀನನ್ನು ತನ್ನ ಕಡೆಗೆ ಎಳೆದುಕೊಂಡು ಓದಲು ಕೂತಳು.