ಬಾವಿಯ ಎರಡನೇ ವರದಿ

ಲ್ಯಾಬಿನ ವರದಿ ಬರೆಯುವುದೇನು ಬ್ರಹ್ಮವಿದ್ಯೆಯಲ್ಲ. ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ. ನಾಲ್ಕು ಖಾನೆ ತುಂಬಿಸಿ ಸಹಿ ಹಾಕಿದರೆ ಮುಗಿಯಿತು. ದೀಕ್ಷಿತಾ ಎಂಟು ತಿಂಗಳಿಂದ ಈ ನೀರು ಪರೀಕ್ಷೆಯ ಲ್ಯಾಬಿನಲ್ಲಿ ಅದನ್ನೇ ಮಾಡಿಕೊಂಡು ಬಂದಿದ್ದಳು. ಇವತ್ತು ಮಾತ್ರ ಎರಡನೇ ಖಾನೆ, ಆ ಹಾಳು ‘ವಿಧಾನ’, ಬೆಳಗಿನಿಂದ ಖಾಲಿ ಬಿದ್ದಿತ್ತು. ಹೊರಗೆ ಬೆಂಚಿನ ಮೇಲೆ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಮೊಣ್ಣಪ್ಪ ಕಾಯುತ್ತಿದ್ದ. ವರದಿ ಕೈಗೆ ಬರದೆ ಏಳುವ ಆಸಾಮಿಯಲ್ಲ.

ಫಲಿತಾಂಶದಲ್ಲಿ ತಕರಾರಿರಲಿಲ್ಲ. ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಬಾವಿ ನೀರಿನಲ್ಲಿ ಮಲದ ರೋಗಾಣು ತುಂಬಿತ್ತು. ತಕರಾರಿದ್ದದ್ದು ಇಪ್ಪತ್ತು ದಿನದ ಹಿಂದೆ ಅದೇ ಬಾವಿಗೆ ಅವಳೇ ಬರೆದ ಮೊದಲ ವರದಿಯಲ್ಲಿ. ‘ಕುಡಿಯಲು ಯೋಗ್ಯ’ ಎಂದು ಅದರಲ್ಲಿ ಬರೆದಿದ್ದಳು.

ಅವತ್ತು ಅಮ್ಮತ್ತಿಯ ಆಚೆ ಆ ಎಸ್ಟೇಟಿನ ಲೈನ್ ಮನೆಗಳ ಹತ್ತಿರ ಜೀಪಿಳಿದ ಕೂಡಲೇ ಮೊಬೈಲಿಗೆ ಅರಣ್ಯ ಇಲಾಖೆಯ ಮೆಸೇಜು ಬಂದಿತ್ತು: ಬಾವಿಯ ಕೆಳಗಿನ ಬಿದಿರಿನಲ್ಲಿ ಮೂರು ಆನೆ. ಕೊಡಗಿನಲ್ಲಿ ಆನೆ ಅಂದಮೇಲೆ ಯಾರೂ ಎದುರಾಡುವುದಿಲ್ಲ. ಶಾಲೆಗೂ ರಜೆ, ಕಾಫಿ ಪಿಕಿಂಗಿಗೂ ರಜೆ. ದೀಕ್ಷಿತಾ ಸತ್ಯಕ್ಕೂ ಅರ್ಧ ದಿನ ರಜೆ ಕೊಟ್ಟಳು. ಮೊದಲನೇ ಮನೆಯ ಚೋಮಿಯ ಕೈಗೆ ಬಾಟಲಿ ಕೊಟ್ಟು ನೀರು ಕೇಳಿದಳು. ಚೋಮಿ ಒಳಗೆ ಹೋಗಿ ತುಂಬಿಸಿಕೊಂಡು ಬಂದಳು. ಬಾವಿಯಿಂದ ಸೇದಿಟ್ಟ ನೀರೇ ತಾನೆ ಎಂದುಕೊಂಡು ದೀಕ್ಷಿತಾ ವರದಿಯಲ್ಲಿ ‘ಬಾವಿಯಿಂದ ನೇರವಾಗಿ ಸಂಗ್ರಹಿಸಲಾಗಿದೆ’ ಎಂದು ಬರೆದಳು. ಯಾವಾಗಲೂ ಬರೆಯುವ ಸಾಲು, ಕೈಗೆ ಬಾಯಿಪಾಠವಾಗಿಬಿಟ್ಟಿತ್ತು.

ಮೊಣ್ಣಪ್ಪ ಆ ವರದಿಯನ್ನು ಲೈನಿನ ಗೋಡೆಗೆ ಅಂಟಿಸಿ, ಇನ್ನು ನೀರು ಕಾಯಿಸುವ ಕೆಲಸವಿಲ್ಲ, ಸೌದೆಗೆ ಕಾಡಿಗೆ ಹೋಗಿ ಆನೆ ಕಾಲಿಗೆ ಸಿಗಬೇಡಿ ಎಂದು ಎಲ್ಲರಿಗೂ ಹೇಳಿದ. ಅವನ ಮನಸ್ಸು ಕೆಟ್ಟದ್ದಲ್ಲ. ಜನ ನಂಬಿದರು, ಒಲೆ ಆರಿಸಿದರು. ಎರಡು ವಾರದಲ್ಲಿ ಮೂರು ಮಕ್ಕಳು ವಾಂತಿಭೇದಿಯಿಂದ ಆಸ್ಪತ್ರೆ ಸೇರಿದವು. ಅದರಲ್ಲಿ ಒಂದು ಚೋಮಿಯ ಮೊಮ್ಮಗಳು.

ಮೊನ್ನೆ ಎರಡನೇ ಮಾದರಿಗೆ ಹೋದಾಗ ದೀಕ್ಷಿತಾ ತಾನೇ ಬಾವಿಯ ಬಳಿ ಹೋದಳು. ಮೇಲುಗಡೆ ಎಸ್ಟೇಟಿನ ಹೋಮ್‌ಸ್ಟೇಗೆ ಹೊಸದಾಗಿ ತೋಡಿದ ಶೌಚಗುಂಡಿ ಕಂಡು ಹೆಜ್ಜೆ ಎಣಿಸಿ ದೂರ ಅಳೆದು, ಆಮೇಲೆ ನೀರು ಸೇದಿ ಬಾಟಲಿಗೆ ತುಂಬಿಕೊಂಡಳು. ಚೋಮಿ ಅದನ್ನು ನೋಡಿ ಬೆರಗಾದಳು.

“ಈ ನೀರು ಯಾಕಕ್ಕ? ಅವತ್ತು ಕಾಯಿಸಿ ಆರಿಸಿದ್ದೇ ಕೊಟ್ಟಿದ್ನಲ್ಲ. ಬಾಟ್ಲಿ ಹಿಡ್ಕೊಂಡು ನೀರು ಕೇಳಿದ್ರಿ. ದೂರದಿಂದ ಬಂದವ್ರಿಗೆ ಹಸಿ ನೀರು ಕೊಡ್ತಾರಾ?”

ಹಾಗಾದರೆ ದೀಕ್ಷಿತಾ ಅವತ್ತು ಪರೀಕ್ಷಿಸಿದ್ದು ಕಾಯಿಸಿದ ನೀರನ್ನು. ಆಸ್ಪತ್ರೆಯಿಂದ ಬಂದ ಹುಡುಗಿ ಜಗಲಿಯ ಮೇಲೆ ಸುಸ್ತಾಗಿ ಮಲಗಿತ್ತು. ಅದರ ಮುಖ ನೋಡಲು ಇವಳಿಗೆ ಆಗಲಿಲ್ಲ.

ಸಂಕಟ ಅಲ್ಲಿಗೇ ಮುಗಿದಿದ್ದರೆ ನುಂಗಿಕೊಳ್ಳಬಹುದಿತ್ತೇನೋ. ಆದರೆ ಮೊಣ್ಣಪ್ಪ ಇವತ್ತು ಬೆಳಗ್ಗೆ ಬಂದವನೇ ಎಸ್ಟೇಟಿನ ಲೆಕ್ಕಾಚಾರ ಬಿಚ್ಚಿದ.

“ಇಪ್ಪತ್ತು ದಿವಸದ ಹಿಂದೆ ಚೊಕ್ಕ ಇದ್ದ ನೀರು ಈಗ ಕೆಟ್ಟಿದೆ ಅಂದ್ರೆ, ಕೆಡಿಸಿದ್ದು ಲೈನಿನವರೇ ಅಲ್ವಾ? ಬಾವಿಗೆ ಹತ್ರದ ಮನೆ ಚೋಮಿದು. ಈ ಪೇಪರ್ ಸಿಕ್ರೆ ಸಾಹುಕಾರ್ರು ನಾಳೆನೇ ಮನೆ ಖಾಲಿ ಮಾಡಿಸ್ತಾರೆ.”

ದೀಕ್ಷಿತಾ ಒಳಗೆ ಬಂದು ಕುರ್ಚಿಯಲ್ಲಿ ಕೂತಳು. ಎರಡನೇ ವರದಿ ಕೊಡದಿದ್ದರೆ ಲೈನಿನವರು ಅದೇ ವಿಷ ಕುಡಿಯುತ್ತಾರೆ. ಕೊಟ್ಟರೆ ಚೋಮಿ ಬೀದಿಗೆ ಬೀಳುತ್ತಾಳೆ. ಮೊದಲನೆಯದು ಸುಳ್ಳೆಂದು ಒಪ್ಪಿಕೊಂಡರೆ ತನ್ನ ಕೆಲಸ ಹೋಗುತ್ತದೆ. ಕಾಯಂ ಮಾಡುವ ಪತ್ರ ಬರಲು ಹತ್ತೇ ದಿನ ಉಳಿದಿತ್ತು. ಅತ್ತ ದರಿ, ಇತ್ತ ಪುಲಿ. ನಡುವೆ ಆ ಖಾಲಿ ಖಾನೆ.

ಲ್ಯಾಬಿನ ಮುಖ್ಯಸ್ಥ ನಂದೀಶನಿಗೆ ಎಲ್ಲ ಹೇಳಿಕೊಂಡಳು. ಕುಶಾಲನಗರದ ಕಡೆಯ ಮನುಷ್ಯ, ಅಪ್ಪನ ಕಾಲದಲ್ಲಿ ಹಾಸನದಿಂದ ಬಂದ ಮನೆತನ. ಅವನು ಬಾಗಿಲು ಹಾಕಿ ಬಂದು ತಗ್ಗಿದ ದನಿಯಲ್ಲಿ, ಮೊದಲನೆಯದರ ಮೇಲೆ ನನ್ನ ಸಹಿಯೂ ಇದೆ ಎಂದ. ಈಗಿನ ಅಂಕಿ ನಿಜ, ಅಷ್ಟು ಬರೆದು ಕೊಡು, ಹಳೆಯದನ್ನು ಕೆದಕಬೇಡ ಎಂದ.

“ಸರ್, ನಾನು ಸೇರಿದ ದಿನ ನೀವು ಒಂದು ಮಾತು ಹೇಳಿದ್ರಿ.”

ನಂದೀಶ ಕಿಟಕಿಯ ಕಡೆ ತಿರುಗಿದ. ಏನು ಹೇಳಿದ್ದೆನೆಂದು ಅವನಿಗೆ ಚೆನ್ನಾಗಿ ನೆನಪಿತ್ತು. ವಿಧಾನದ ಖಾನೆಯಲ್ಲಿ ಮಾಡಬೇಕಾಗಿದ್ದನ್ನು ಬರೆಯಬೇಡ, ಮಾಡಿದ್ದನ್ನು ಬರೆ.

ದೀಕ್ಷಿತಾ ಬರೆಯಲು ಕೂತಳು. ‘ಹಿಂದಿನ ಮಾದರಿಯನ್ನು ಚೋಮಿ ಎಂಬವರು ಕಾಯಿಸಿದ ನೀರಿನಿಂದ ತುಂಬಿಸಿದ್ದರು’ ಎಂದು ಮೊದಲು ಟೈಪ್ ಮಾಡಿದಳು. ಓದಿ ನೋಡಿದರೆ ಒಂದಕ್ಷರವೂ ಸುಳ್ಳಲ್ಲ. ಆದರೂ ಹೊರೆಯೆಲ್ಲ ನಾಜೂಕಾಗಿ ಆ ಹೆಂಗಸಿನ ತಲೆ ಮೇಲೆ ಕೂತಿತ್ತು. ತನ್ನ ಬಗ್ಗೆಯೇ ಅಸಹ್ಯವಾಗಿ ಅಳಿಸಿ ಮತ್ತೆ ಬರೆದಳು: ‘ಹಿಂದಿನ ಮಾದರಿ ಸಂಗ್ರಹಿಸುವ ದಿನ ಪರೀಕ್ಷಕಿ ಬಾವಿಯ ಬಳಿ ಹೋಗಿರಲಿಲ್ಲ. ಮನೆಯೊಂದರಲ್ಲಿ ಕುಡಿಯಲು ಕೊಟ್ಟ ಕಾಯಿಸಿದ ನೀರನ್ನು, ಎಲ್ಲಿಯದೆಂದು ಕೇಳದೆ, ಬಾವಿಯದೆಂದು ದಾಖಲಿಸಿದ್ದರು. ಆ ವರದಿಯನ್ನು ಹಿಂಪಡೆಯಲಾಗಿದೆ. ನೀರು ಯಾವಾಗಿನಿಂದ ಕೆಟ್ಟಿದೆ ಎಂದು ಹೇಳಲು ಆಧಾರವಿಲ್ಲ. ಎಸ್ಟೇಟಿನ ಹೋಮ್‌ಸ್ಟೇಯ ಹೊಸ ಶೌಚಗುಂಡಿ ಬಾವಿಯ ಮೇಲುಗಡೆ ನಲವತ್ತು ಹೆಜ್ಜೆ ದೂರದಲ್ಲಿದೆ.’

ನಂದೀಶ ಎರಡು ಸಲ ಓದಿದ. ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. ಕೊನೆಗೆ ಸಹಿ ಹಾಕಿ, “ಸೋಮವಾರ ಬಂದು ಲ್ಯಾಬಿನ ಬೀಗದ ಕೈ ಕೊಟ್ಟೋಗವ್ವ” ಎಂದ. ಅವನ ಕಣ್ಣು ಒದ್ದೆಯಾಗಿತ್ತು, ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಮೊಣ್ಣಪ್ಪ ಹಾಳೆ ಓದಿ, ಶೌಚಗುಂಡಿಯ ಸಾಲು ಇನ್ನೊಮ್ಮೆ ಓದಿ, ಜೀಪಿನ ಕಡೆ ನಡೆದ. ದೀಕ್ಷಿತಾ ಅವನದೇ ಜೀಪು ಹತ್ತಿದಳು. ಲೈನಿನಲ್ಲಿ ಓದು ಬಂದವರು ಕಡಿಮೆ, ಗೋಡೆಗೆ ಅಂಟಿಸಿದರೆ ಸಾಲದು. ಸಂಜೆ ಪಿಕಿಂಗ್ ಮುಗಿಸಿ ಬಂದವರ ಎದುರು ಹಳೆಯ ಹಾಳೆ ಕಿತ್ತು, ಹೊಸದನ್ನು ಗಟ್ಟಿಯಾಗಿ ಓದಿದಳು. ‘ಕೇಳದೆ’ ಎಂಬುದನ್ನು ಎರಡು ಸಲ ಓದಿದಳು. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಚೋಮಿ ಒಳಗೆ ಹೋಗಿ ಒಂದು ಲೋಟ ನೀರು ತಂದು ಕೊಟ್ಟಳು. ದೀಕ್ಷಿತಾ ಲೋಟ ಹಿಡಿದುಕೊಂಡು, ಇಪ್ಪತ್ತು ದಿನ ತಡವಾಗಿ ಕೇಳಿದಳು.

“ಎಲ್ಲಿಯ ನೀರು ಚೋಮಿ?”

“ಅದೇ ಬಾವೀದಕ್ಕ” ಎಂದಳು ಚೋಮಿ. “ನಮ್ಗೆ ಬೇರೆ ಎಲ್ಲಿದೆ? ಕಾಯಿಸಿದೀನಿ, ಕುಡೀರಿ.”

ದೀಕ್ಷಿತಾ ಕುಡಿದಳು.