ಒಬ್ಬಳೇ ಹಾಡಿದ ಹತ್ತು ಹಾಡು

"ಕ್ಲಚ್ ಬಿಡ್ಬೇಡ ಅಂದೆನಲ್ಲ!"

ಡೆಸ್ಮಂಡ್ ಕೂಗುವಷ್ಟರಲ್ಲಿ ಕಾರು ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು. ಹಿಂದಿನ ವ್ಯಾನಿನವನು ಒಂದೇ ಸಮನೆ ಹಾರ್ನ್ ಹೊಡೆಯತೊಡಗಿದ.

"ಅವನಿಗೇನಂತೆ ಅವಸರ?" ಹೆಸ್ಟರ್ ಗೊಣಗಿದಳು.

"ಹೊಡೀಲಿ ಬಿಡು. ನಮ್ಮ ಡ್ರಮ್ಮಿನವನಿಗಿಂತ ತಾಳ ಚೆನ್ನಾಗಿದೆ."

ಹೆಸ್ಟರ್‌ಗೆ ನಗು ತಡೆಯಲಾಗಲಿಲ್ಲ. ನಲವತ್ತೇಳು ತುಂಬಿದ ಮೇಲೆ ಕಾರು ಕಲಿಯಲು ಕೂತವಳು ಅವಳು. ಹತ್ತೊಂಬತ್ತು ವರ್ಷ ನಾಲ್ವರ ರಾಕ್ ಬ್ಯಾಂಡಿನಲ್ಲಿ ಹಾಡಿದ್ದಳು. ಇಂಗ್ಲೆಂಡಿನ ಊರೂರು ಸುತ್ತಿದ್ದೆಲ್ಲ ವ್ಯಾನಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತ. ಓಡಿಸುತ್ತಿದ್ದವನು ಗಿಟಾರಿನ ಡೆಸ್ಮಂಡ್. ಬ್ಯಾಂಡ್ ಒಡೆದ ಮೇಲೆ ಅವನು ಹಲ್ ಪಟ್ಟಣದಲ್ಲಿ ಡ್ರೈವಿಂಗ್ ಕಲಿಸುವ ಮೇಷ್ಟ್ರಾದ. ಈಗ ಅವಳೊಬ್ಬಳದೇ ಆಲ್ಬಮ್ ಸಿದ್ಧವಾಗಿತ್ತು. ಇನ್ನು ಕಾರ್ಯಕ್ರಮಗಳಿಗೆ ಗಿಟಾರು ಹೇರಿಕೊಂಡು ತಾನೇ ಹೋಗಬೇಕು.

ಆದರೆ ಡೆಸ್ಮಂಡನನ್ನೇ ಹುಡುಕಿಕೊಂಡು ಬಂದದ್ದಕ್ಕೆ ಇನ್ನೊಂದು ಕಾರಣವಿತ್ತು. ಆರು ಪಾಠ ಮುಗಿದರೂ ಅದನ್ನು ಹೇಳಲು ಬಾಯಿ ಬಂದಿರಲಿಲ್ಲ. ಸೋಮವಾರ ಆಲ್ಬಮ್ ಅಚ್ಚಿಗೆ ಹೋಗುತ್ತದೆ.

ಹಾರ್ನ್‌ಸೀ ಎಂಬ ಕಡಲ ಊರು ತಲುಪಿ, ಸಮುದ್ರದ ದಂಡೆಯ ಗೋಡೆಗೆ ಮುಖ ಮಾಡಿ ಕಾರು ನಿಲ್ಲಿಸಿದಳು. ಎಂಜಿನ್ ಆರಿಸಿ ಫೋನ್ ತೆಗೆದಳು. "ಆಲ್ಬಮ್ಮಿನ ಏಳನೇ ಹಾಡು ಕೇಳು. ಆಮೇಲೆ ಬೈಯಿ."

ಎರಡು ಸಾಲು ಮುಗಿಯುವಷ್ಟರಲ್ಲಿ ಡೆಸ್ಮಂಡನ ಮುಖದ ನಗು ಇಳಿಯಿತು. ಅವನದೇ ರಾಗ. ತನ್ನಪ್ಪ ಆಸ್ಪತ್ರೆ ಸೇರಿದ್ದ ಚಳಿಗಾಲದಲ್ಲಿ, ವ್ಯಾನ್ ಓಡಿಸುತ್ತ ತನಗೆ ತಾನೇ ಗುನುಗಿಕೊಂಡಿದ್ದು. ಹಿಂದೆ ಎಲ್ಲರೂ ಮಲಗಿದ್ದಾರೆ ಅಂದುಕೊಂಡಿದ್ದ. ಎಚ್ಚರವಿದ್ದ ಹೆಸ್ಟರ್ ಚೆನ್ನಾಗಿದೆ ಅಂದಾಗ, ಇದನ್ನ ಬ್ಯಾಂಡಿಗೆ ಕೊಡಲ್ಲ ಎಂದು ಖಂಡತುಂಡವಾಗಿ ಹೇಳಿದ್ದ.

ಹಾಡು ಮುಗಿಯಿತು. ಹೆಸ್ಟರ್ ಫೋನನ್ನು ಮಡಿಲಿಗೆ ಹಾಕಿಕೊಂಡಳು.

"ಹಾಡಿನ ಸಾಲು ನಾನೇ ಬರೆದೆ ಡೆಸ್. ಯಾವ ರಾಗ ಹಾಕಿದ್ರೂ ಕೂರ್ಲಿಲ್ಲ. ಇದು ತಾನಾಗೇ ಬಂದು ಕೂತ್ಬಿಡ್ತು. ಮೊದಲೇ ಕೇಳ್ಬೇಕಿತ್ತು, ಧೈರ್ಯ ಬರ್ಲಿಲ್ಲ. ಬೇಡ ಅಂದ್ರೆ ತೆಗೀತೀನಿ."

"ಬ್ಯಾಂಡಿಗೆ ಕೊಡಲ್ಲ ಅಂದಿದ್ದೆ."

"ಗೊತ್ತು."

"ನಿಂಗೆ ಕೊಡಲ್ಲ ಅಂದಿರ್ಲಿಲ್ಲವಲ್ಲೇ."

ಹೆಸ್ಟರ್ ಅವನತ್ತ ತಿರುಗಿದಳು. "ಹಾಗಾದ್ರೆ ನಾಳೆ ಸ್ಟುಡಿಯೋಗೆ ಬಾ. ಗಿಟಾರ್ ನೀನೇ ನುಡಿಸು."

"ಬೇಡಮ್ಮಾ. ನಾಳೆ ಒಂಬತ್ತಕ್ಕೆ ಅಜ್ಜಿಯೊಬ್ಬಳ ಡ್ರೈವಿಂಗ್ ಟೆಸ್ಟ್ ಇದೆ, ಐದನೇ ಸಲ. ಕೈ ಹಿಡ್ಕೊಂಡು ಕೂರ್ಬೇಕು." ಅವನು ಮೂಗು ಒರೆಸಿಕೊಂಡ. "ಎರಡನೇ ಚರಣದಲ್ಲಿ ನಿನ್ನ ಬೆರಳು ತಡವರಿಸುತ್ತೆ ನೋಡು, ನಾನಾಗಿದ್ರೆ ಅದನ್ನ ತಿದ್ದಿ ಹಾಳು ಮಾಡ್ತಿದ್ದೆ. ಹಾಗೇ ಇರ್ಲಿ."

ಅವನು ಬೇಡವೆಂದದ್ದಕ್ಕೆ, ಆಲ್ಬಮ್ ತನ್ನೊಬ್ಬಳದಾಗಿಯೇ ಉಳಿಯಿತೆಂದು, ಹೆಸ್ಟರ್‌ಗೆ ಎದೆ ಹಗುರಾಯಿತು. ಹಗುರಾಯಿತಲ್ಲ ಎಂದು ನಾಚಿಕೆಯೂ ಆಯಿತು.

"ಹೆಸರು ಹೇಗೆ ಹಾಕ್ಲಿ?"

"ಇಬ್ಬರದೂ ಹಾಕು. ನಿನ್ನದು ಮೊದಲು." ಅವನು ಕಿಟಕಿಯ ಗಾಜು ಪೂರ್ತಿ ಇಳಿಸಿದ. "ಇನ್ನೊಂದ್ಸಲ ಹಾಕು, ಜೋರಾಗಿ."

ಉಪ್ಪುಗಾಳಿ ಒಳಗೆ ನುಗ್ಗಿತು, ಹಾಡು ಹೊರಗೆ ಹೋಯಿತು. ಗೋಡೆಯ ಬದಿಯ ಬೆಂಚಿನಲ್ಲಿ ಮುದುಕಿಯೊಬ್ಬಳು ಕಾಗದದ ಪೊಟ್ಟಣದಿಂದ ಬಿಸಿ ಚಿಪ್ಸ್ ತಿನ್ನುತ್ತಿದ್ದಳು. ತಿರುಗಿ ನೋಡಲಿಲ್ಲ. ನೆಲ ಮುಟ್ಟದ ಅವಳ ಬಲಗಾಲಿನ ಬೂಟು ಮಾತ್ರ ಒಮ್ಮೆ ಅಲುಗಿತು, ನಿಂತಿತು, ಮತ್ತೆ ಹಾಡಿನ ತಾಳಕ್ಕೆ ಅಲುಗತೊಡಗಿತು.